ಗಾಳಿಗೆ ಮುಂದಿದ್ದವನು

ಇವತ್ತು ಒಂದು ಲೆಕ್ಕದಿಂದ ಶುರು ಮಾಡೋಣ. ಒಂದು ಚಿನ್ನದ ಪದಕಕ್ಕೆ ಎಷ್ಟು ಬೀಳುತ್ತದೆ? ಹೆದರಬೇಡಿ, ಅಂಗಡಿಯ ಚಿನ್ನದ ಮಾತಲ್ಲ. ಸೈಕಲ್ ರೇಸಿನಲ್ಲಿ ಗೆದ್ದವನ ಕೊರಳಿಗೆ ಹಾಕುತ್ತಾರಲ್ಲ, ಆ ಪದಕ.

ಒಂದು ಜೊತೆ ಟೈರಿಗೆ ನಾಲ್ಕು ಸಾವಿರ ರೂಪಾಯಿ. ನಮ್ಮ ಕಡೆಯ ರಸ್ತೆಯಲ್ಲಿ ಎರಡು ತಿಂಗಳು ಬಾಳಿದರೆ ಪುಣ್ಯ. ಚೈನು ವರ್ಷಕ್ಕೆ ಎರಡು. ದಿನಕ್ಕೆ ಒಂದು ಲೀಟರ್ ಹಾಲು, ನಾಲ್ಕು ಮೊಟ್ಟೆ. ಮಠದೊಳಗೆ ಮೊಟ್ಟೆಯ ಮಾತೇಕೆ ಎಂದು ಮುಂದೆ ಕೂತ ತಾಯಿ ಮುಖ ತಿರುಗಿಸುತ್ತಿದ್ದಾರೆ. ಆಯಿತು ತಾಯಿ, ಮೊಟ್ಟೆ ಬೇಡ, ಎರಡು ಮುಷ್ಟಿ ಶೇಂಗಾ, ಒಂದು ಹೆಂಟೆ ಬೆಲ್ಲ ಎನ್ನೋಣ. ಅದರ ಮೇಲೆ ಆರು ವರ್ಷದ ಬೆಳಗಿನ ನಿದ್ದೆ. ಒಮ್ಮೆ ಮುರಿದ ಹೆಗಲಿನ ಎಲುಬು. ಮೊಣಕಾಲಿನ ಚರ್ಮ ಎಷ್ಟು ಸಲ ಹೋಯಿತೋ ಲೆಕ್ಕವಿಲ್ಲ. ಸ್ವಂತ ಅಕ್ಕನ ಮದುವೆಗೆ ಅಕ್ಷತೆ ಬೀಳುವ ಹೊತ್ತಿಗೆ ಬಂದು, ಊಟ ಮಾಡದೆ ಹೋದದ್ದು.

ಇಷ್ಟನ್ನು ಕೂಡಿಸಿದರೆ ಒಂದು ಪದಕ ಆಗುತ್ತದೆಯೇ? ಆಗುವುದಿಲ್ಲ. ಒಂದು ಖರ್ಚು ಬಿಟ್ಟುಹೋಗಿದೆ. ಅದನ್ನು ಎಲ್ಲರೂ ಬಿಡುತ್ತಾರೆ. ಅದು ಗಾಳಿ.

ನೋಡಿ, ಚಳಿಗಾಲದಲ್ಲಿ ಬೆಳಗ್ಗೆ ಗಂಡನ ಬೈಕಿನ ಹಿಂದೆ ಕೂತು ಊರಿಗೆ ಹೋದವರು ಇಲ್ಲಿ ಎಷ್ಟು ಜನ ಇದ್ದೀರಿ? ನಿಮಗೆ ಚಳಿ ಅಷ್ಟಾಗಿ ತಾಕುವುದಿಲ್ಲ. ಮುಂದೆ ಕೂತವನ ಕಣ್ಣಲ್ಲಿ ಮಾತ್ರ ದಳದಳ ನೀರು. ಅವನ ಎದೆ ಗಾಳಿಯನ್ನು ಒಡೆಯುತ್ತದೆ, ನೀವು ಅವನ ಬೆನ್ನಿನ ಹಿಂದೆ ಬೆಚ್ಚಗೆ ಕೂತು "ಸಾವಕಾಶ ಹೊಡೀರಿ" ಎನ್ನುತ್ತೀರಿ. ಸೈಕಲ್ ರೇಸಿನಲ್ಲೂ ಹಾಗೆಯೇ. ಮುಂದಿದ್ದವನು ಗಾಳಿ ಒಡೆಯುತ್ತಾನೆ. ಅವನ ಹಿಂದಿನ ಚಕ್ರಕ್ಕೆ ಒಂದು ಗೇಣು ಬಿಟ್ಟು ಬರುವವನಿಗೆ ಮೂರರಲ್ಲಿ ಒಂದು ಪಾಲು ದಣಿವು ಕಡಿಮೆ. ಹಿಂದಿದ್ದವನು ಆ ಶಕ್ತಿಯನ್ನು ಉಳಿಸಿಟ್ಟುಕೊಂಡು, ಕೊನೆಯ ಇನ್ನೂರು ಮೀಟರಿನಲ್ಲಿ ಪಕ್ಕಕ್ಕೆ ಸರಿದು ಬಾಣದಂತೆ ಹೋಗಿಬಿಡುತ್ತಾನೆ. ಪದಕ ಅವನಿಗೆ. ಗಾಳಿ ಒಡೆದವನಿಗೆ?

ಅದನ್ನೇ ಈಗ ಹೇಳುತ್ತೇನೆ.

ನಮ್ಮ ಸೀಮೆಯಲ್ಲೇ ಒಂದು ಊರಲ್ಲಿ ಒಬ್ಬರು ಸೈಕಲ್ ಮಾಸ್ತರರಿದ್ದರು. ಒಳ್ಳೆಯವರು. ಒಳ್ಳೆಯವರು ಎಂದು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈ ಕಥೆಯಲ್ಲಿ ಕೆಟ್ಟವರು ಯಾರೂ ಇಲ್ಲ. ಅದೇ ಇದರ ಸಂಕಟ. ಕೆಟ್ಟವನೊಬ್ಬ ಇದ್ದಿದ್ದರೆ ಅವನನ್ನು ಬೈದು ನಾವೆಲ್ಲ ಪ್ರಸಾದಕ್ಕೆ ಏಳಬಹುದಿತ್ತು.

ಆ ಮಾಸ್ತರರ ಕೈಕೆಳಗೆ ಇಬ್ಬರು ಹುಡುಗರು. ನಿಜವಾದ ಹೆಸರು ಬೇಡ, ಅವರು ಇನ್ನೂ ಇದ್ದಾರೆ. ಕ್ರೀಡಾ ಹಾಸ್ಟೆಲಿನಲ್ಲಿ ಅವರನ್ನು ಕರೆಯುತ್ತಿದ್ದದ್ದೇ ದೊಡ್ಡ್ಯಾ, ಸಣ್ಣ್ಯಾ ಎಂದು. ನಾವೂ ದೊಡ್ಡವ, ಸಣ್ಣವ ಎನ್ನೋಣ. ಅಣ್ಣತಮ್ಮಂದಿರಲ್ಲ. ಒಂದೇ ಓಣಿಯವರು, ಮೂರು ವರ್ಷದ ಅಂತರ. ಒಂದೇ ತಾಟಿನಲ್ಲಿ ಉಣ್ಣುತ್ತಿದ್ದರು.

ಮಾಸ್ತರರು ಇಬ್ಬರನ್ನೂ ಪರೀಕ್ಷೆ ಮಾಡಿ ನೋಡಿದರು. ಸಣ್ಣವನಿಗೆ ಕೊನೆಯ ಇನ್ನೂರು ಮೀಟರಿನಲ್ಲಿ ಮಿಂಚಿನ ಕಾಲು. ದೊಡ್ಡವನಿಗೆ ಮಿಂಚಿಲ್ಲ, ಆದರೆ ದಣಿವೂ ಇಲ್ಲ. ನೂರು ಕಿಲೋಮೀಟರ್ ಎದುರು ಗಾಳಿಯಲ್ಲಿ ತುಳಿದರೂ ಅವನ ಉಸಿರು ಬದಲಾಗುತ್ತಿರಲಿಲ್ಲ. ಮಾಸ್ತರರು ತೀರ್ಮಾನ ಮಾಡಿದರು: ದೊಡ್ಡವ ಮುಂದೆ, ಸಣ್ಣವ ಹಿಂದೆ. ಲೆಕ್ಕ ಸರಿಯಾಗಿಯೇ ಇತ್ತು. ಆ ವರ್ಷ ರಾಷ್ಟ್ರಮಟ್ಟದಲ್ಲಿ ಸಣ್ಣವನಿಗೆ ಚಿನ್ನ ಬಂತು.

ಮಾಸ್ತರರು ದೊಡ್ಡವನ ಬೆನ್ನು ತಟ್ಟಿದರು. "ಮುಂದಿನ ವರ್ಷ ನಿಂದಪಾ" ಎಂದರು.

ಎರಡನೆಯ ವರ್ಷ ಮತ್ತೆ ದೊಡ್ಡವ ಗಾಳಿಗೆ, ಸಣ್ಣವ ಚಿನ್ನಕ್ಕೆ. "ಮುಂದಿನ ವರ್ಷ ನಿಂದಪಾ." ಮೂರನೆಯ ವರ್ಷ. "ಮುಂದಿನ ವರ್ಷ ಮಾತ್ರ ಖರೇನ ನಿಂದ." ನಾಲ್ಕನೆಯ ವರ್ಷ ಮಾಸ್ತರರು ಬೆನ್ನು ತಟ್ಟುವುದನ್ನೂ ಮರೆತರು. ಪತ್ರಿಕೆಯವರು ಸುತ್ತ ನಿಂತಿದ್ದರು.

ಈಗ ಒಂದು ವಿಷಯ ಗಮನಿಸಿ. ಸೈಕಲ್ ಓಡಿಸುವವರಲ್ಲಿ ಒಂದು ಪದ್ಧತಿ ಇದೆ. ಮುಂದಿದ್ದವನಿಗೆ ಗಾಳಿ ಸಾಕಾದರೆ ಬಾಯಿಬಿಟ್ಟು ಹೇಳುವುದಿಲ್ಲ, ಹೇಳಲು ಉಸಿರೂ ಇರುವುದಿಲ್ಲ. ಬಲಗೈಯ ಮೊಣಕೈಯನ್ನು ಒಮ್ಮೆ ಹೊರಗೆ ಅಲ್ಲಾಡಿಸುತ್ತಾನೆ. ನನಗೆ ಸಾಕು, ನೀನು ಬಾ ಎಂದು ಅದರ ಅರ್ಥ. ಆಗ ಹಿಂದಿದ್ದವನು ಮುಂದೆ ಬರಬೇಕು. ಬರದಿದ್ದರೆ ಅವನಿಗಿಂತ ಕೀಳು ಇನ್ನೊಬ್ಬನಿಲ್ಲ.

ನಾಲ್ಕು ವರ್ಷ. ದೊಡ್ಡವ ಒಂದೇ ಒಂದು ಸಲವೂ ಮೊಣಕೈ ಅಲ್ಲಾಡಿಸಲಿಲ್ಲ.

ಅಲ್ಲಾಡಿಸಲಿಲ್ಲ ಎಂದ ಮೇಲೆ ಅವನಿಗೆ ಸಾಕಾಗಿಲ್ಲ ಎಂದು ಎಲ್ಲರೂ ತಿಳಿದರು. ಮಾಸ್ತರರೂ ತಿಳಿದರು. ಸಣ್ಣವನಂತೂ ತಿಳಿದೇ ತಿಳಿದ. ನೋಡಿ, ನಾವು ಹೀಗೇ ಅಲ್ಲವೇ? ಕೇಳದವನಿಗೆ ಬೇಕಾಗಿಲ್ಲ ಎಂದುಕೊಳ್ಳುತ್ತೇವೆ. ನಮಗೂ ಅದು ಅನುಕೂಲ.

ಸಣ್ಣವನಿಗೆ ರೈಲ್ವೆಯಲ್ಲಿ ಕ್ರೀಡಾ ಕೋಟಾದ ನೌಕರಿಯ ಆದೇಶ ಬಂತು. ಬರಬೇಕಾದದ್ದೇ, ನಾಲ್ಕು ಚಿನ್ನ ಇವೆ. ದೊಡ್ಡವನೂ ಅರ್ಜಿ ಹಿಡಿದು ಕಚೇರಿಗೆ ಹೋದ. ಪ್ಲಾಸ್ಟಿಕ್ ಫೈಲಿನಲ್ಲಿ ಹನ್ನೊಂದು ಪ್ರಮಾಣಪತ್ರ ಜೋಡಿಸಿಕೊಂಡಿದ್ದ. ಗುಮಾಸ್ತ ಒಂದೊಂದೇ ತಿರುವಿದ.

"ಏನೋ ಇದು, ಎಲ್ಲಾದ್ರಾಗೂ 'ಭಾಗವಹಿಸಿದ್ದಾರೆ, ಭಾಗವಹಿಸಿದ್ದಾರೆ' ಅಂತನ ಐತಿ. ಗೆದ್ದದ್ದು ಎಲ್ಲೈತಿ?"

"ಗೆದ್ದಾಂವ ನನ್ನ ಹಿಂದಿದ್ದರಿ."

"ಹಿಂದಿದ್ದಾಂವ ಗೆದ್ದ, ಮುಂದಿದ್ದ ನೀ ಸೋತಿ? ಯಾವ ಊರಿನ ರೇಸೋ ಅದು!" ಎಂದು ಗುಮಾಸ್ತ ನಕ್ಕ. ಅಕ್ಕಪಕ್ಕದ ಮೇಜಿನವರೂ ನಕ್ಕರು. ದೊಡ್ಡವನಿಗೂ ನಗು ಬಂತಂತೆ. ಹೇಳಿ ತಿಳಿಸಲು ಬರುವ ಮಾತೇ ಅದು? ಗುಮಾಸ್ತನೇನು ಕೆಟ್ಟವನಲ್ಲ. ಫೈಲು ಕಟ್ಟಿಕೊಡುವಾಗ ಹೇಳಿದ: "ತಮ್ಮಾ, ರಾಷ್ಟ್ರಮಟ್ಟದಾಗ ಮೊದಲಿನ ಮೂರರಾಗ ಒಂದ ಸ್ಥಾನ ತಗೊಂಡ ಬಾ. ಒಂದ ಸಾಕು. ಆದ್ರ ಈ ವರ್ಷ ಮುಗುದ್ರ ನಿನ್ನ ವಯಸ್ಸು ದಾಟತೈತಿ."

ಒಂದು ಕಾಗದ. ಒಂದು ರೇಸು. ದೊಡ್ಡವನ ಬದುಕು ಅಷ್ಟರ ಮೇಲೆ ನಿಂತಿತು.

ಅವನು ಆಗಲೂ ಕೇಳಲಿಲ್ಲ. ವಿಷಯ ತಿಳಿದು ಮಾಸ್ತರರೇ ತೀರ್ಮಾನ ಮಾಡಿದರು. ರೇಸಿನ ದಿನ ಬೆಳಗ್ಗೆ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡರು.

"ಇವತ್ತ ದೊಡ್ಡ್ಯಾನ ದಿನ. ಸಣ್ಣ್ಯಾ, ನೀ ಮುಂದ. ಕಡೀ ಮುನ್ನೂರ ಮೀಟರಿನ ತನಕ ಅವನ್ನ ಗಾಳಿಗೆ ಬಿಡಬ್ಯಾಡ. ಆಮ್ಯಾಲ ಸರದು ದಾರಿ ಕೊಡು. ತಿಳೀತಿಲ್ಲೋ?"

"ತಿಳೀತ್ರಿ ಸರ. ನನಗ ನೌಕರಿ ಬಂದೈತಿ, ಇನ್ನೊಂದ ಚಿನ್ನಾ ತಗೊಂಡು ನಾ ಏನ ಮಾಡ್ಲಿ? ಅಣ್ಣಾ, ಇವತ್ತ ನಾ ಎತ್ತು, ನೀ ಆರಾಮ ಬಂಡ್ಯಾಗ ಕುಂದ್ರು."

"ಎತ್ತಾಗೂದು ದೊಡ್ಡದಲ್ಲೋ ತಮ್ಮಾ, ಬಂಡಿ ಒಯ್ದು ಮುಳ್ಳಕಂಟ್ಯಾಗ ಹಾಕಬ್ಯಾಡ ಮತ್ತ" ಎಂದ ದೊಡ್ಡವ. ಮೂವರೂ ನಕ್ಕರು. ಆ ನಗು ಸುಳ್ಳಲ್ಲ. ಆ ಮಾತೂ ಸುಳ್ಳಲ್ಲ. ಮೂವರೂ ಮನಸ್ಸಿಟ್ಟೇ ಹೇಳಿದ್ದರು.

ಆದರೆ ಮಾಸ್ತರರ ಚೀಲದಲ್ಲಿ ಇನ್ನೊಂದು ಅರ್ಜಿ ಇತ್ತು. ಸತತ ಐದು ವರ್ಷ ಒಬ್ಬನೇ ಶಿಷ್ಯನಿಂದ ಚಿನ್ನ ತರಿಸಿದ ತರಬೇತುದಾರರಿಗೆ ದೊಡ್ಡದೊಂದು ಪ್ರಶಸ್ತಿ. ಅರ್ಜಿಯಲ್ಲಿ ಐದು ಸಾಲು. ನಾಲ್ಕು ತುಂಬಿದ್ದವು. ಅದನ್ನು ಹರಿದು ಹಾಕಬೇಕು ಎಂದುಕೊಂಡಿದ್ದರಂತೆ. ಹರಿಯಲಿಲ್ಲ. ಮಡಚಿ ಒಳಗಿಟ್ಟರು.

ರೇಸು ಶುರುವಾಯಿತು. ನೂರ ಇಪ್ಪತ್ತು ಕಿಲೋಮೀಟರ್. ಎಂಬತ್ತು ದಾಟುವ ಹೊತ್ತಿಗೆ ಗುಂಪು ಒಡೆದು ಐದು ಜನ ಮುಂದೆ ಉಳಿದರು. ಇವರಿಬ್ಬರು, ಬೇರೆ ರಾಜ್ಯದ ಮೂವರು. ಸಣ್ಣವ ಹೇಳಿದಂತೆ ಮುಂದೆಯೇ ಇದ್ದ. ದೊಡ್ಡವ ಅವನ ಬೆನ್ನಿಗೆ, ಉಳಿದ ಮೂವರು ಅವರ ಹಿಂದೆ. ಅಲ್ಲಿಯವರೆಗೂ ಗಾಳಿ ಹಿಂದಿನಿಂದ ಬೀಸುತ್ತಿತ್ತು. ಒಂದು ದೊಡ್ಡ ಸೇತುವೆ ದಾಟಿ ರಸ್ತೆ ಪಶ್ಚಿಮಕ್ಕೆ ತಿರುಗಿತು. ಎರಡೂ ಬದಿ ಬಯಲು. ಒಂದು ಗಿಡ ಇಲ್ಲ, ಒಂದು ಗೋಡೆ ಇಲ್ಲ. ಗಾಳಿ ಎದುರಿಗೆ ಬಂತು.

ಸಣ್ಣವ ತನ್ನ ಜೀವನದಲ್ಲಿ ಮೊದಲ ಸಲ ಗಾಳಿಯನ್ನು ಮುಂದಿನಿಂದ ನೋಡಿದ.

ಪ್ರತಿ ವರ್ಷ ಇದೇ ಗಾಳಿ ಇತ್ತು. ಅವನಿಗೆ ಗೊತ್ತಿರಲಿಲ್ಲ. ಯಾರದೋ ಬೆನ್ನು ಅಡ್ಡ ಇತ್ತು. ಒಂದು ಕಿಲೋಮೀಟರ್ ತುಳಿದ, ತೊಡೆ ಉರಿಯಿತು. ಎರಡು, ಕಣ್ಣು ಮಂಜಾಯಿತು. ಮೂರು. ನಾಲ್ಕನೆಯ ಕಿಲೋಮೀಟರಿನಲ್ಲಿ ಅವನ ಬಲಗೈ ಮೊಣಕೈ ತಾನಾಗಿಯೇ ಹೊರಗೆ ಅಲ್ಲಾಡಿತು.

ನಾಲ್ಕು ವರ್ಷ ಅಲ್ಲಾಡಿಸದವನು ಹಿಂದಿದ್ದ. ನಾಲ್ಕು ಕಿಲೋಮೀಟರಿಗೆ ಅಲ್ಲಾಡಿಸಿದವನು ಮುಂದಿದ್ದ.

ದೊಡ್ಡವ ಏನು ಮಾಡಬೇಕಿತ್ತು ಹೇಳಿ? ಸುಮ್ಮನೆ ಹಿಂದೆಯೇ ಕೂರಬಹುದಿತ್ತು. ಅವತ್ತು ಅವನಿಗೆ ಆ ಹಕ್ಕಿತ್ತು. ಆದರೆ ಮೊಣಕೈ ಅಲ್ಲಾಡಿದ್ದನ್ನು ಕಂಡೂ ಕಾಣದಂತೆ ಇರುವುದು ಅವನಿಗೆ ಬರುತ್ತಿರಲಿಲ್ಲ. ಮುಂದೆ ಬಂದ. ಪಕ್ಕದಲ್ಲಿ ದಾಟುವಾಗ ಒಂದು ಮಾತು ಹೇಳಿದ: "ಸ್ವಲ್ಪ ದಮ್ಮ ತಗೋ. ಆಮ್ಯಾಲ ಬಾ."

ಸಣ್ಣವ ದಮ್ಮು ತೆಗೆದುಕೊಂಡ. ಆಮೇಲೆ ಬರಲಿಲ್ಲ.

ಬರಬಾರದು ಎಂದು ಹಟ ಮಾಡಲಿಲ್ಲ. ಇನ್ನೊಂದು ಕಿಲೋಮೀಟರ್ ಹೋಗಲಿ, ಆ ಮೈಲಿಗಲ್ಲು ಬರಲಿ ಎಂದುಕೊಂಡ. ಆ ಬೆನ್ನಿನ ಹಿಂದೆ ಅವನಿಗೆ ನಾಲ್ಕು ವರ್ಷದ ಜಾಗ ಇತ್ತು. ಕಾಲು ಹಗುರಾದವು, ಉಸಿರು ಸಮ ಆಯಿತು. ಹಾಗೆ ಮೂವತ್ತು ಕಿಲೋಮೀಟರ್ ಕಳೆದೇ ಹೋಯಿತು.

ಕೊನೆಯ ಮುನ್ನೂರು ಮೀಟರ್. ಬೊಂಬಿನ ಬೇಲಿಗೆ ಎದೆ ಒತ್ತಿಕೊಂಡು ಮಾಸ್ತರರು ನಿಂತಿದ್ದಾರೆ. ದೂರದಿಂದ ನೋಡುತ್ತಾರೆ, ದೊಡ್ಡವ ಮುಂದೆ, ಸಣ್ಣವ ಹಿಂದೆ. ಇದು ಉಲ್ಟಾ ಆಯಿತಲ್ಲ ಎಂದುಕೊಂಡರಂತೆ. ದೊಡ್ಡವ ಒಂದು ಸಲ ತಿರುಗಿ ನೋಡಿದ. ಈಗಲಾದರೂ ಬರುತ್ತಾನೇನೋ, ಕೊನೆಯ ಇಷ್ಟು ದೂರವನ್ನಾದರೂ ಎಳೆಯುತ್ತಾನೇನೋ ಎಂದು. ಆಗ ಮಾಸ್ತರರು ಬಾಯಿ ತೆರೆದರು.

"ಸಣ್ಣ್ಯಾ! ಹೊಡೀ! ಹೊಡಿಯಲೇ ಸಣ್ಣ್ಯಾ!"

ನೋಡಿ, ಬೆಳಗ್ಗೆ ಅದೇ ಬಾಯಿ "ಇವತ್ತ ದೊಡ್ಡ್ಯಾನ ದಿನ" ಎಂದಿತ್ತು. ಹಾಗೆ ಕೂಗಬೇಕೆಂದು ಅವರು ಯೋಚಿಸಿರಲಿಲ್ಲ. ನಾಲ್ಕು ವರ್ಷ ಅದೇ ಜಾಗದಲ್ಲಿ, ಅದೇ ಹೊತ್ತಿನಲ್ಲಿ, ಅದೇ ಹೆಸರು ಕೂಗಿದ ಬಾಯಿ. ಅದಕ್ಕೆ ಇನ್ನೊಂದು ಹೆಸರು ಬರಲಿಲ್ಲ. ಚೀಲದೊಳಗಿನ ಐದನೆಯ ಸಾಲು ಬಾಯಿಗೆ ಬಂತೋ, ಬರೀ ರೂಢಿ ಬಂತೋ? "ಅದು ನನಗೆ ಇವತ್ತಿಗೂ ಗೊತ್ತಿಲ್ಲ" ಎಂದು ಅವರೇ ನನ್ನ ಮುಂದೆ ಹೇಳಿದ್ದಾರೆ. ಈ ಕಥೆ ನನಗೆ ಹೇಳಿದವರು ಆ ಮಾಸ್ತರರೇ. ಇದೇ ಮಠದ ಕಟ್ಟೆಯ ಮೇಲೆ ಕೂತು ಹೇಳಿದರು.

ಕೂಗು ಕೇಳಿದ್ದೇ ತಡ, ಸಣ್ಣವನ ಕಾಲು ಎದ್ದವು. ಮನಸ್ಸು ಬೇಡ ಎನ್ನುವಷ್ಟರಲ್ಲಿ ಕಾಲು ದಾಟಿಸಿಬಿಟ್ಟಿದ್ದವು. ಚಿನ್ನ. ದೊಡ್ಡವನೂ ಎದ್ದು ತುಳಿದ, ಆದರೆ ಮೂವತ್ತು ಕಿಲೋಮೀಟರ್ ಗಾಳಿಗೆ ಕೊಟ್ಟವನ ಬಳಿ ಇನ್ನೇನು ಉಳಿದೀತು? ಬೇರೆ ರಾಜ್ಯದವರಲ್ಲಿ ಇಬ್ಬರು ಕೊನೆಯ ಐವತ್ತು ಮೀಟರಿನಲ್ಲಿ ಅವನನ್ನು ದಾಟಿದರು. ಮೂರನೆಯ ಸ್ಥಾನದವನಿಗೂ ಇವನಿಗೂ ಒಂದು ಚಕ್ರದ ಅಂತರ. ನಾಲ್ಕನೆಯ ಸ್ಥಾನ.

ಮರುದಿನ ಪತ್ರಿಕೆಯಲ್ಲಿ ಫೋಟೊ ಬಂತು. ಸಣ್ಣವ ಗೆರೆ ದಾಟುತ್ತಿದ್ದಾನೆ. ಗೆದ್ದವರು ಎರಡೂ ಕೈ ಮೇಲೆತ್ತುತ್ತಾರಲ್ಲ, ಆ ಫೋಟೊದಲ್ಲಿ ಅವನ ಕೈ ಅರ್ಧಕ್ಕೆ ನಿಂತಿವೆ. ಮುಖ ಹಿಂದೆ ತಿರುಗಿದೆ.

ಮಾಸ್ತರರು ಐದನೆಯ ಸಾಲು ತುಂಬಿದರು. ಪ್ರಶಸ್ತಿ ಬಂತು. ಊರಲ್ಲಿ ದೊಡ್ಡ ಸನ್ಮಾನ, ಶಾಲು, ಹಣ್ಣಿನ ಬುಟ್ಟಿ. ನಿರೂಪಕರು ಸಾಧನೆಗಳ ಪಟ್ಟಿಯನ್ನು ಹದಿನೈದು ನಿಮಿಷ ಓದಿದರು. ಎಷ್ಟು ಪದಕ, ಎಷ್ಟು ದಾಖಲೆ, ಎಷ್ಟು ಜನರಿಗೆ ನೌಕರಿ. ಆ ಪಟ್ಟಿಯಲ್ಲಿ ಒಂದು ಹೆಸರಿರಲಿಲ್ಲ. ಆ ಹೆಸರಿನವನು ಹಿಂದಿನ ಸಾಲಿನ ಕುರ್ಚಿಯಲ್ಲಿ ಕೂತು ಚಪ್ಪಾಳೆ ತಟ್ಟುತ್ತಿದ್ದ. ಮಾಸ್ತರರು ವೇದಿಕೆಯ ಮೇಲಿಂದ ಅವನನ್ನು ನೋಡಿದರು. ಮೈಕು ಕೈಯಲ್ಲಿತ್ತು. ಹೇಳಬಹುದಿತ್ತು. ಎಲ್ಲರಿಗೂ ಧನ್ಯವಾದ ಎಂದು ಕೂತುಬಿಟ್ಟರು.

ಎರಡು ತಿಂಗಳ ಮೇಲೆ ಅವರು ದೊಡ್ಡವನನ್ನು ಹುಡುಕಿಕೊಂಡು ಹೋದರು. ಅವನು ಹಾಸ್ಟೆಲಿನ ಸೈಕಲ್ಲನ್ನು ಒರೆಸಿ, ಎಣ್ಣೆ ಹಾಕಿ, ಒಪ್ಪಿಸಿ ಹೋಗಿದ್ದ. ಹಾಲಿನ ಡೇರಿಯ ಟೆಂಪೊ ಓಡಿಸುತ್ತಿದ್ದ. ಮಾಸ್ತರರನ್ನು ನೋಡಿ ಓಡಿ ಬಂದು ಕಾಲು ಮುಟ್ಟಿದ, ಚಹಾ ತರಿಸಿದ.

"ಸಣ್ಣ್ಯಾ ಬಂದಿದ್ದರಿ ಸರ, ಹೋದ ಆಯ್ತಾರ. ಆ ಪದಕ ನನ್ನ ಕೊಳ್ಳಾಗ ಹಾಕಿ, ಕುಂತ ಅತ್ತ."

"ನೀ ಏನಂದಿ?"

"ತಮ್ಮಾ, ಪದಕದ ಮ್ಯಾಲ ಹೆಸರ ಬರದಿರಂಗಿಲ್ಲ, ಯಾರ ಕೊಳ್ಳಾಗರೆ ಹಾಕಬಹುದು. ಕಾಗದದ ಮ್ಯಾಲ ಬರದಿರತೈತಿ. ಅದನ್ನ ಹೆಂಗ ಕೊಡ್ತಿ ಅಂದೆ. ತಿರುಗಿ ಅವನ ಕೊಳ್ಳಾಗ ಹಾಕಿ ಕಳಿಸಿದೆ."

ಮಾಸ್ತರರು ಚಹಾದ ಲೋಟ ಕೆಳಗಿಟ್ಟರು. ಆಮೇಲೆ ಕೇಳಿದರು: "ನನ್ನ ಮ್ಯಾಲ ಸಿಟ್ಟೈತೇನು?"

"ಇಲ್ಲರಿ ಸರ. ಆವತ್ತ ನನ್ನ ಹೆಸರ ಕೂಗ್ತೀರಿ ಅಂತ ತಿಳದಿದ್ದೆ. ಕೂಗಲಿಲ್ಲ. ನಿಮಗರೆ ರೂಢಿ ಎಲ್ಲೈತ್ರಿ?" ಎಂದು ದೊಡ್ಡವ ನಕ್ಕ. "ತಪ್ಪ ನಂದೂ ಐತ್ರಿ. ಮೊಣಕೈ ಅಲ್ಲಾಡಸೂದು ನಾನೂ ರೂಢಿ ಮಾಡ್ಕೊಳ್ಳಲಿಲ್ಲ. ಚಾ ಆರತೈತಿ, ಕುಡೀರಿ."

ಸಿಟ್ಟು ಮಾಡಿದ್ದರೆ ಮಾಸ್ತರರು ತಪ್ಪಾಯಿತು ಎಂದು ಹೇಳಿ ಹಗುರಾಗಿ ಬರುತ್ತಿದ್ದರು. ಅವನು ಅದಕ್ಕೂ ಜಾಗ ಕೊಡಲಿಲ್ಲ.

ಈಗ ನಿಮ್ಮ ಕಡೆ ತಿರುಗುತ್ತೇನೆ. ತಲೆ ಕೆಳಗೆ ಹಾಕಬೇಡಿ, ನೋಡಿ.

ನೀವು ಯಾರ ಬೆನ್ನಿನ ಹಿಂದೆ ಬೆಚ್ಚಗಿದ್ದೀರಿ? ನಿಮ್ಮ ಮಗಳು ಶಾಲೆಗೇ ಮೊದಲನೆಯವಳಾಗಿ ಬಂದಳು, ಫೋಟೊ ಹಾಕಿಸಿದಿರಿ. ಅವಳು ಓದುವಾಗ ಮನೆಗೆಲಸವನ್ನೆಲ್ಲ ಎಳೆದ ದೊಡ್ಡ ಮಗಳು ಎಲ್ಲಿ? ನಿಮಗೆ ಬಡ್ತಿ ಬಂತು, ಆ ಫೈಲುಗಳನ್ನೆಲ್ಲ ಸಿದ್ಧ ಮಾಡಿಕೊಟ್ಟವನು ಅದೇ ಕುರ್ಚಿಯಲ್ಲಿದ್ದಾನಲ್ಲವೇ? "ಮುಂದಿನ ವರ್ಷ ನಿಂದು" ಎಂದು ಎಷ್ಟು ಸಲ ಹೇಳಿದ್ದೀರಿ, ಯಾರಿಗೆ ಹೇಳಿದ್ದೀರಿ, ನೆನಪಿದೆಯೇ? ನಿಮಗೆ ಮರೆತಿರಬಹುದು. ಕೇಳಿಸಿಕೊಂಡವರು ಮರೆತಿಲ್ಲ.

ನನ್ನನ್ನೂ ಸೇರಿಸಿಯೇ ಹೇಳುತ್ತೇನೆ. ಶ್ರಾವಣ ಹಿಡಿದು ಇಪ್ಪತ್ತೆರಡು ದಿನವಾಯಿತು. ನಾನು ಇಲ್ಲಿ ಮಾತಾಡುತ್ತೇನೆ, ನೀವು ತಲೆದೂಗುತ್ತೀರಿ. ಹಿಂದೆ ಒಲೆಯ ಮುಂದೆ ಹುಗ್ಗಿ ತಿರುವುತ್ತಿರುವ ಆರು ಜನ ಒಂದು ದಿನದ ಪ್ರವಚನವನ್ನೂ ಕೂತು ಕೇಳಿಲ್ಲ. ಅವರೂ ಮೊಣಕೈ ಅಲ್ಲಾಡಿಸಿಲ್ಲ.

ಹಾಗಾದರೆ ಏನು ಮಾಡಬೇಕು? ಬರೀ ಕೈಮುಗಿದರೆ ಸಾಲದು. ಸಣ್ಣವನೂ ಅತ್ತ, ಪದಕವನ್ನೂ ಕೊಡಹೋದ, ಏನೂ ಆಗಲಿಲ್ಲ. ರೇಸು ಮುಗಿದ ಮೇಲೆ ಕೊಡುವುದು ಯಾವುದೂ ಮುಟ್ಟುವುದಿಲ್ಲ. ನಡೆಯುತ್ತಿರುವಾಗಲೇ, ಅವರು ಕೇಳುವ ಮುಂಚೆಯೇ ಮುಂದೆ ಹೋಗಿ ಗಾಳಿಗೆ ಎದೆ ಕೊಡಬೇಕು. ಒಂದು ದಿನ ಆ ಕೆಲಸ ನೀವು ಮಾಡಿ ನೋಡಿ, ಅದರ ಭಾರ ಆಗ ಗೊತ್ತಾಗುತ್ತದೆ. ಇನ್ನೊಂದು, ಹೆಸರು ಕೂಗುವುದನ್ನು ರೂಢಿ ಮಾಡಿಕೊಳ್ಳಿ. ಇವತ್ತು ಮನೆಗೆ ಹೋಗಿ, ಊಟಕ್ಕೆ ಕೂತಾಗ, ಎಲ್ಲರ ಮುಂದೆ, ಆ ಮನುಷ್ಯನ ಹೆಸರು ಹಿಡಿದು ಹೇಳಿ, ಇದು ನಿನ್ನಿಂದ ಆಯಿತು ಎಂದು. ಬಾಯಿ ತಡವರಿಸುತ್ತದೆ, ನಾಚಿಕೆ ಬರುತ್ತದೆ, ಬರಲಿ. ಇವತ್ತು ರೂಢಿ ಇಲ್ಲದಿದ್ದರೆ ಬೇಕಾದ ದಿನ ಆ ಹೆಸರು ಬಾಯಿಗೆ ಬರುವುದಿಲ್ಲ. ಮತ್ತೆ ಬೆನ್ನು ಕೊಟ್ಟು ಕೊಟ್ಟು ಸುಮ್ಮನಿರುವವರಿಗೂ ಒಂದು ಮಾತು. ಸಾಕಾದಾಗ ಮೊಣಕೈ ಅಲ್ಲಾಡಿಸಿ. ಅದು ಪಾಪವಲ್ಲ.

ನಾಳೆ ಹುಗ್ಗಿಯ ಒಲೆಗೆ ಈ ಮುಂದಿನ ಸಾಲಿನವರು ಆರು ಜನ ಬರಬೇಕು, ನಾನು ಏಳನೆಯವನು. ಒಳಗಿನವರು ಇಲ್ಲಿ ಬಂದು ಕೂರುತ್ತಾರೆ. ಪ್ರವಚನ ಅರ್ಧ ಗಂಟೆ ತಡವಾದರೆ ಆಗಲಿ.

ಕೊನೆಗೆ ಆ ಲೆಕ್ಕವನ್ನು ಮುಗಿಸಿಬಿಡೋಣ. ಮಾಸ್ತರರಿಗೆ ಒಂದು ಪ್ರಶಸ್ತಿ ಬಂತು. ಸಣ್ಣವನಿಗೆ ಐದು ಚಿನ್ನ, ಒಂದು ನೌಕರಿ. ದೊಡ್ಡವನಿಗೆ 'ಭಾಗವಹಿಸಿದ್ದಾರೆ' ಎನ್ನುವ ಹನ್ನೆರಡನೆಯ ಕಾಗದ. ಮರುವರ್ಷ ಮಾಸ್ತರರು ಹಾಸ್ಟೆಲಿನ ಹುಡುಗರನ್ನೆಲ್ಲ ಸಾಲಾಗಿ ನಿಲ್ಲಿಸಿ ಕೇಳಿದರು, "ಗಾಳಿಗೆ ಮುಂದ ಯಾರು ಹೋಗ್ತೀರಿ?" ಒಬ್ಬನೂ ಮುಂದೆ ಬರಲಿಲ್ಲ. ದೊಡ್ಡವನಿಗೆ ಆದದ್ದನ್ನು ಎಲ್ಲರೂ ನೋಡಿದ್ದರು. ಅದಾಗಿ ಹದಿಮೂರು ವರ್ಷವಾಯಿತು. ಆ ಊರಿಗೆ ಆರನೆಯ ಚಿನ್ನ ಬಂದಿಲ್ಲ.